ತೋಳನ ಪಾಲಿನ ಕುರಿ

"ಚೈನು ತರಲಿಲ್ವಾ ಅತ್ತೆ?"

ರಾಧಾಮಣಿ ಇನ್ನೂ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿರಲಿಲ್ಲ. ಹೆಲ್ಮೆಟ್ಟಿನೊಳಗಿಂದಲೇ ಅಣ್ಣನ ಮಗಳನ್ನು ದುರುಗುಟ್ಟಿ ನೋಡಿದಳು.

"ಯಾವ ಚೈನು?"

"ಎತ್ತು ಕಟ್ಟೋದು. ನಿನ್ನೆ ಫೋನಲ್ಲಿ ಅಷ್ಟು ಬಡ್ಕೊಂಡ್ನಲ್ಲ. ಬರೀ ಬೀಗ ಸಾಕಾಗಲ್ಲ ನಂಗೆ."

"ಚೈನಾಕಿ ಕಟ್ಟಾಕೋಕೆ ನೀನೇನು ಹೋರಿಯಾ? ಸುಮ್ಕೆ ಒಂದ್ಕಡೆ ಕೂತ್ಕೊ."

ಕೂರುವ ಮಾತೆಲ್ಲಿ ಬಂತು? ಸ್ನೇಹಲತಾ ಬೆಳಗಿನಿಂದ ಒಂದು ಕಡೆ ನಿಂತಿರಲೇ ಇಲ್ಲ. ಕಂಟೇನರಿನ ಬಾಗಿಲಿಂದ ಹುಣಸೆಮರದವರೆಗೆ, ಅಲ್ಲಿಂದ ಮತ್ತೆ ಬಾಗಿಲವರೆಗೆ ನಡೆದೂ ನಡೆದೂ ನೆಲದಲ್ಲಿ ಸಣ್ಣದೊಂದು ಕಾಲುದಾರಿಯೇ ಬಿದ್ದಿತ್ತು. ಮೊನ್ನೆ ತಾನೇ ಪಾವಗಡದ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡಿಸಿಕೊಂಡು ಬಂದಿದ್ದಳು. ಇವತ್ತು ಮಧ್ಯಾಹ್ನದ ಹೊತ್ತಿಗೆ ಎರಡು ಹುಬ್ಬೂ ಮತ್ತೆ ಒಂದಾಗಿದ್ದವು. ಹದಿನೇಳರ ಹುಡುಗಿಗೆ ಮೊಡವೆಯ ಚಿಂತೆ ಸಾಲದೆಂದು ದೇವರು ಬಾಲವನ್ನೂ ಕೊಟ್ಟಿದ್ದ.

ಬಾಲ ತಿಂಗಳಿಗೊಂದು ದಿನ ಮಾತ್ರ. ಹುಣ್ಣಿಮೆಯ ಚಂದ್ರ ಹುಟ್ಟಿದರೆ ಸ್ನೇಹಲತಾ ತೋಳ. ಬೆಳಗಾದರೆ ಮತ್ತೆ ಸೆಕೆಂಡ್ ಪಿಯುಸಿ ಸೈನ್ಸ್. ನಡುವಿನ ರಾತ್ರಿಯದು ಅವಳಿಗೆ ಒಂದಿಷ್ಟೂ ನೆನಪಿರುವುದಿಲ್ಲ. ಈ ವಿಷಯ ಗೊತ್ತಿರುವುದು ತಾತ ಮುದ್ದಪ್ಪನಿಗೆ, ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿರುವ ಅತ್ತೆ ರಾಧಾಮಣಿಗೆ. ಅಪ್ಪ ಪೂನಾ ಲೈನಿನ ಲಾರಿ ಡ್ರೈವರು. ಅವನಿಗೆ ಹೇಳಲು ಯಾರಿಗೂ ಬಾಯಿ ಬಂದಿಲ್ಲ.

ಕ್ಯಾತಗಾನಚೆರ್ಲಿನ ತಮ್ಮ ಜಮೀನಿನಲ್ಲಿ ಮುಕ್ಕಾಲು ಪಾಲು ಸೋಲಾರಿಗೆ ಗುತ್ತಿಗೆ ಹೋಗಿ, ಉಳಿದ ತುಂಡಿನಲ್ಲಿ ಈ ಕಬ್ಬಿಣದ ಕಂಟೇನರು ನಿಂತಿತ್ತು. ಪ್ಯಾನೆಲ್ ತುಂಬಿಕೊಂಡು ಬಂದು ಖಾಲಿಯಾಗಿ ಉಳಿದದ್ದು. ಹುಣ್ಣಿಮೆ ಸಂಜೆ ಅದರೊಳಗೆ ಹುಡುಗಿಯನ್ನು ಹಾಕಿ, ಹೊರಗಿನಿಂದ ಬೀಗ ಜಡಿದು, ಅತ್ತೆ ಮತ್ತು ತಾತ ಬಾಗಿಲ ಮುಂದೆ ಮಲಗುತ್ತಿದ್ದರು. ಊರಿಗೆ ಹೇಳಿದ್ದು, ಅತ್ತೆ ಕೂರಿಸಿಕೊಂಡು ರಾತ್ರಿಯೆಲ್ಲ ಓದಿಸುತ್ತಾಳೆ ಎಂದು. ಎಂಥ ಓದೋ ಹುಡುಗಿ ಎಂದು ಊರೇ ಹೊಗಳುತ್ತಿತ್ತು. ಫಸ್ಟ್ ಇಯರಿನ ಕೆಮಿಸ್ಟ್ರಿ ಮಾರ್ಕ್ಸು ಬಂದ ಮೇಲೆ ಆ ಹೊಗಳಿಕೆ ಸ್ವಲ್ಪ ತಣ್ಣಗಾಗಿತ್ತು.

ಈಗ ಅದಕ್ಕಿಂತ ದೊಡ್ಡ ತಾಪತ್ರಯ. ಕಳೆದ ಮೂರು ಹುಣ್ಣಿಮೆಗಳಲ್ಲೂ ತಾತನ ಮಂದೆಯಿಂದ ಒಂದೊಂದು ಕುರಿ ಮಾಯವಾಗಿ, ಬೆಳಿಗ್ಗೆ ನೋಡಿದರೆ ಮಂದೆಯ ಸುತ್ತ ಕಟ್ಟಿದ ಬಲೆಯ ಪಕ್ಕ ರಕ್ತ, ಒಂದು ಹಿಡಿ ಉಣ್ಣೆ. ಊರವರು ತೋಳದ ಕಾಟ ಎಂದು ತೀರ್ಮಾನಿಸಿ, ಈ ಹುಣ್ಣಿಮೆಗೆ ಗುಡ್ಡದ ದಾರಿಗಳಲ್ಲೆಲ್ಲ ತಂತಿ ಉರುಳು ಹಾಕಿಸಿದ್ದರು.

"ಬೀಗ ಹಾಕೋಳು ನಾನು, ತೆಗೆಯೋಳು ನಾನು," ರಾಧಾಮಣಿ ಹೆಲ್ಮೆಟ್ಟು ತೆಗೆದಳು. "ನೀನು ಹೆಂಗೆ ಆಚೆ ಬಂದು ಕುರಿ ತಿಂತೀಯ?"

"ಬಾ ಇಲ್ಲಿ. ನೋಡು."

ಕಂಟೇನರಿನ ಒಳಗೆ ಹಿಂದಿನ ಮೂಲೆಯಲ್ಲಿ ನೆಲದ ಹಲಗೆ ಮುರಿದು ತೂತಾಗಿತ್ತು. ಸ್ನೇಹಲತಾ ಗೋಣಿಚೀಲ ಸರಿಸಿ ತೋರಿಸಿದಳು. ಇವತ್ತು ಬೆಳಿಗ್ಗೆ ಗುಡಿಸುವಾಗ ಕಂಡದ್ದು. ಮೇಲಿನಿಂದ ನುಣ್ಣಗಿದ್ದ ಹಲಗೆಯ ಅಡಿಗೆ ಕೈ ಹಾಕಿ ತಡವಿದರೆ ಬೆರಳಿಗೆಲ್ಲ ಹಲ್ಲಿನ ಗುರುತು.

"ನಾನೇ ಅತ್ತೆ. ನಾನೇ ಕಡ್ದು ಆಚೆ ಹೋಗಿದೀನಿ. ತಾತನ ಕುರಿ ತಿಂದಿದೀನಿ." ಅವಳ ದನಿ ಒಡೆಯಿತು. "ಇವತ್ತು ಕುರಿ, ನಾಳೆ ಯಾರೋ? ಚೈನು ಇಲ್ಲಾಂದ್ರೆ ನಾನು ಇಲ್ಲಿರಲ್ಲ. ಗುಡ್ಡಕ್ಕೆ ಹೋಗ್ಬುಡ್ತೀನಿ. ವಾಪಸ್ ಬರಲ್ಲ."

ರಾಧಾಮಣಿ ತೂತಿನೊಳಗೆ ಕಣ್ಣಿಟ್ಟು ನೋಡಿದಳು. ಬೆಕ್ಕು ನುಸುಳಬಹುದು, ತೋಳ ನುಸುಳುವುದು ಕಷ್ಟ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ತನ್ನ ಕಂದು ಬಣ್ಣದ ಡ್ಯೂಟಿ ಶೂ ಎತ್ತಿ ಹಿಡಿದಳು. ಹೋದ ಹುಣ್ಣಿಮೆಯಲ್ಲಿ ಅದರ ಅರ್ಧ ಭಾಗ ಹುಡುಗಿಯ ಹೊಟ್ಟೆ ಸೇರಿತ್ತು.

"ಒಂದಿಡೀ ಕುರಿ ತಿಂದೋಳು ಶೂ ಯಾಕೆ ತಿಂತೀಯೇ?"

"ಬಾಯಿರುಚಿಗೆ ಇರ್ಬೋದು."

"ಥೂ ನಿನ್ನ. ಹತ್ತು ಸ್ಕೂಟರ್. ಹೊತ್ತು ಮುಳುಗೋಕೆ ಇನ್ನೂ ಟೈಮೈತೆ. ಮಂದೆ ಇರೋ ಜಾಗ ಇನ್ನೊಂದ್ಸಲ ನೋಡ್ಕೊಂಡು ಬರಾಣ."

ಬೇಲಿಯ ಪಕ್ಕದ ಮಣ್ಣುದಾರಿಯಲ್ಲಿ ಸ್ಕೂಟರು ಕುಣಿಯುತ್ತ ಹೋಯಿತು. ಎಡಕ್ಕೆ ಕಣ್ಣು ಹಾಯುವವರೆಗೂ ಪ್ಯಾನೆಲ್ಲುಗಳು, ಬಲಕ್ಕೆ ಕಡ್ಲೆಕಾಯಿ ಕಿತ್ತು ಬೋಳಾದ ಹೊಲಗಳು. ದಾರಿಯಲ್ಲಿ ಬೊಗಳಲೆಂದು ಎದ್ದ ನಾಯಿಯೊಂದು ಹಿಂದಿನ ಸೀಟಿನಲ್ಲಿ ಕೂತವಳನ್ನು ನೋಡಿ ತಕ್ಷಣ ಬೇರೆ ಏನೋ ಕೆಲಸ ನೆನಪಾದಂತೆ ಹೊರಟುಹೋಯಿತು.

ಸ್ನೇಹಲತಾ ಬೆರಳುಗಳಿಂದಲೇ ಕೂದಲಿನ ಸಿಕ್ಕು ಬಿಡಿಸಿಕೊಳ್ಳುತ್ತಿದ್ದಳು. ಮನಸ್ಸು ತಳಮಳಿಸಿದಾಗ ಅವಳ ಅಭ್ಯಾಸ ಅದು. ಅಮ್ಮ ರಾಜಲಕ್ಷ್ಮಮ್ಮ ಹಾಗೇ ಬಿಡಿಸುತ್ತಿದ್ದಳು. ಇವಳು ಒಂದನೇ ಕ್ಲಾಸಿನಲ್ಲಿದ್ದಾಗ ಮನೆ ಬಿಟ್ಟು ಹೋದವಳು. ಎಲ್ಲಿಗೆ, ಯಾಕೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅಮ್ಮನ ಮುಖ ಕೂಡ ಸರಿಯಾಗಿ ನೆನಪಿಲ್ಲ. ನೆನಪಿರುವುದು ಎಡಗೈ ಮಾತ್ರ. ಕಡ್ಲೆಕಾಯಿ ಬಿಡಿಸುವ ಮಿಷನ್ನಿಗೆ ಕಿರುಬೆರಳು ಕೊಟ್ಟು, ಉಳಿದ ನಾಲ್ಕು ಬೆರಳಿನಲ್ಲಿ ಮೆತ್ತಗೆ ತಲೆ ಬಾಚುತ್ತಿದ್ದ ಕೈ.

ಜಯರಾಮಯ್ಯನವರ ಹೊಲದಲ್ಲಿ ಮಂದೆ ಬಿಟ್ಟಿತ್ತು. ಕುರಿಗಳನ್ನು ಹೊಲದಲ್ಲಿ ರಾತ್ರಿ ಕೂಡಿ ಗೊಬ್ಬರ ಕೊಡಿಸುವುದು ಈ ಕಡೆಯ ರೂಢಿ. ಚಿಕ್ಕಪ್ಪ ಅಂಜಿನಮೂರ್ತಿ ಗೂಟ ಹೊಡೆದು ಸುತ್ತ ಬಲೆ ಕಟ್ಟುತ್ತಿದ್ದ. ರಾಧಾಮಣಿಯ ತಮ್ಮ, ಮೂವತ್ತು ದಾಟಿದವನು, ಇನ್ನೂ ಮದುವೆಯಿಲ್ಲ. ಹುಣ್ಣಿಮೆ ಅಂದರೆ ಸ್ನೇಹಲತಾಳ ಓದುವ ದಿನ ಎಂದೇ ಅವನೂ ನಂಬಿದ್ದ.

"ಓದು ಬುಟ್ಟು ಇಲ್ಲೇನಮ್ಮ?" ಎಂದ.

ಉತ್ತರ ಕೊಡುವ ಮೊದಲೇ ಮಂದೆಯೆಲ್ಲ ಒಟ್ಟಿಗೆ ಆ ಬದಿಗೆ ಸರಿದು ಬಲೆಗೆ ಒತ್ತರಿಸಿಕೊಂಡಿತು. ಹುಣ್ಣಿಮೆಯ ದಿನ ಸ್ನೇಹಲತಾಳನ್ನು ಕಂಡರೆ ಕುರಿಗಳು ಮಾಡುವುದೇ ಹೀಗೆ.

ಒಂದೇ ಒಂದು ಕುರಿ ಹೆದರಲಿಲ್ಲ. ಅದು ಬಲೆಯ ಹೊರಗಿತ್ತು. ನೀರಿನ ತೊಟ್ಟಿಯ ಪಕ್ಕದಿಂದ ಮೆಲುಕು ಹಾಕುತ್ತ ಬಂದು ಅವಳ ತೊಡೆಗೆ ತಲೆಯಿಟ್ಟು ನಿಂತಿತು. ಮೈತುಂಬ ಕತ್ತರಿ ಕಾಣದ ಉಣ್ಣೆ, ಕೊಬ್ಬಿ ಅಗಲವಾದ ಬೆನ್ನು, ಎರಡೂ ಕಿವಿ ಇಡಿಯಾಗಿದ್ದವು.

ಅದು ತೋಳನ ಪಾಲಿನ ಕುರಿ. ಮುದ್ದಪ್ಪನ ಮನೆಯ ಕುರಿಗಳಿಗೆಲ್ಲ ಎಡಗಿವಿಯ ತುದಿ ಸೀಳಿದ ಗುರುತು. ಮರಿಗಳಿಗೆ ಕಿವಿ ಕೊಯ್ಯುವ ದಿನ ಒಂದು ಮರಿಯನ್ನು ಮಾತ್ರ ಕೊಯ್ಯದೆ ಬಿಡುತ್ತಾರೆ. ಅದು ಮನೆಯದಲ್ಲ, ತೋಳದ್ದು. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಉಣ್ಣೆ ಕತ್ತರಿಸುವಂತಿಲ್ಲ. ಕತ್ತಲಾದರೆ ಅದು ಬಲೆಯ ಹೊರಗೇ. ತೋಳ ಬಂದರೆ ತನ್ನದನ್ನು ತಗೊಂಡು ಹೋಗಲಿ, ನಮ್ಮದನ್ನು ಮುಟ್ಟದಿರಲಿ ಎಂದು ತಾತನ ತಾತನ ಕಾಲದಿಂದ ನಡೆದುಬಂದ ಒಪ್ಪಂದ. ಹುಟ್ಟಿದಾಗಿನಿಂದ ನೋಡಿದ್ದರಿಂದ ಸ್ನೇಹಲತಾ ಅದರ ಬಗ್ಗೆ ಎಂದೂ ಯೋಚಿಸಿದವಳಲ್ಲ.

ಇವತ್ತು ಯೋಚಿಸಿದಳು. ಯೋಚಿಸಿದ್ದು ತಲೆಯಲ್ಲ, ಹೊಟ್ಟೆ. ಕುರಿಯ ಬೆನ್ನು ಸವರುತ್ತಿದ್ದಂತೆ ಬಾಯಲ್ಲಿ ನೀರೂರಿತು. ನಾಚಿಕೆಯಿಂದ ದುಪಟ್ಟಾದಲ್ಲಿ ಬಾಯಿ ಒರೆಸಿಕೊಂಡು, ಒರೆಸುತ್ತಿದ್ದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಅತ್ತೆ."

"ಹೂಂ?"

"ನಾನು ತೋಳ ಆಗಿದ್ರೆ..."

"ಮೆಲ್ಲಗೆ ಮಾತಾಡು," ರಾಧಾಮಣಿ ತಮ್ಮನ ಕಡೆ ಕಣ್ಣು ಹೊರಳಿಸಿ ಹಲ್ಲು ಕಚ್ಚಿದಳು.

"ಅಲ್ಲ ಅತ್ತೆ, ಯಾವ್ದೋ ಒಂದು ತೋಳ ಅನ್ಕೊ. ಹಸಿದು ಬಂದೈತೆ. ಇಲ್ಲಿ ಬಲೆಯಿಲ್ಲ, ಗೂಟ ಇಲ್ಲ, ನಾಯಿ ಇಲ್ಲ, ಇಷ್ಟು ದಪ್ಪ ಕುರಿ ಒಂದು ಮುಂದೇನೇ ನಿಂತೈತೆ. ಇದ್ನ ಬುಟ್ಟು ಬಲೆ ಹಾರಿ ಒಳಗಿಂದ ಒಂದು ಬಡಕಲು ಕುರಿ ಹೊತ್ಕೊಂಡೋಗಕ್ಕೆ ಅದಕ್ಕೇನು ತಲೆ ಕೆಟ್ಟೈತಾ?"

ರಾಧಾಮಣಿ ಕುರಿಯ ಕಿವಿ ಹಿಡಿದು ನೋಡಿದಳು. ಮೂರು ತಿಂಗಳಿಂದ ಇದೇ ಜಾಗಕ್ಕೆ ಬಂದು, ಇದೇ ಕುರಿಯನ್ನು ದಾಟಿ ಹೋಗಿ ರಕ್ತದ ಕಲೆ ನೋಡಿದವಳು ಅವಳು.

"ತೋಳ ಅಲ್ಲ ಅಂದ್ರೆ ಕಳ್ಳ," ಎಂದಳು ನಿಧಾನಕ್ಕೆ. "ಮಟನ್ ಸ್ಟಾಲಿನ ಬೈಲಪ್ಪನ ಮೇಲೆ ನಂಗೆ ಮೊದ್ಲಿಂದ ಅನುಮಾನ."

"ಬೈಲಪ್ಪ ಬಂದಿದ್ರೆ ಇದನ್ನೇ ಎತ್ಕೊಂಡು ಹೋಗಿರೋನು. ತೂಕ ನೋಡಿದ್ರೆ ಅವನ ಕಣ್ಣು ತುಂಬ್ತದೆ."

"ಡ್ರೋನು ಹಾರಿಸ್ಕೊಂಡು ತೋಳದ ವೀಡಿಯೋ ಮಾಡ್ತೀನಂತ ತಿರುಗ್ತಾನಲ್ಲ, ಶಿರಾದ ಕಿರಣ್ ಕುಮಾರ್?"

"ಅವನಿಗೆ ಕುರಿ ಕಿವಿ ಗುರುತೇ ಗೊತ್ತಿಲ್ಲ ಅತ್ತೆ. ಎಲ್ಲ ಕುರೀನೂ ಒಂದೇ ಅವನಿಗೆ. ಕೈಗೆ ಹತ್ರ ಸಿಕ್ಕಿದ್ದು ಬುಡ್ತಿದ್ನಾ?"

ಗೂಟ ಹೊಡೆಯುವ ಸದ್ದು ಯಾವಾಗಲೋ ನಿಂತಿತ್ತು. ಸ್ನೇಹಲತಾ ತಿರುಗಿ ನೋಡಿದಳು. ಅಂಜಿನಮೂರ್ತಿ ಸುತ್ತಿಗೆ ಹಿಡಿದು ಹಾಗೇ ನಿಂತಿದ್ದ.

"ಚಿಕ್ಕಪ್ಪಾ, ಕಳ್ಳ ಇದ್ನ ಯಾಕೆ ಬುಟ್ಟ?"

"ಅದೆಂಗೆ ಮುಟ್ಟಕಾಗ್ತದಮ್ಮ?" ಅವನ ಬಾಯಿಂದ ಥಟ್ಟನೆ ಬಂತು. "ಅದನ್ನ ಮುಟ್ಟಿದ್ರೆ ಮನೆ ಉಳೀತದಾ?"

"ಯಾರ ಮನೆ?"

"ನಮ್..." ಎಂದವನು ನಾಲಿಗೆ ಕಚ್ಚಿಕೊಂಡ.

 ರಾಧಾಮಣಿ ಸ್ಕೂಟರಿನ ಕೀ ಜೇಬಿಗೆ ಹಾಕಿಕೊಂಡು ತಮ್ಮನ ಮುಂದೆ ಹೋಗಿ ನಿಂತಳು. ಸ್ಟೇಷನ್ನಿನಲ್ಲಿ ನಿಲ್ಲುವ ಹಾಗೆ.

"ಲೇ ಅಂಜಿ. ನನ್ನ ಮುಖ ನೋಡು."

"ಅಕ್ಕ, ನಾನೇನು..."

"ಮುಖ ನೋಡು ಅಂದೆ. ಕುರಿ ಎಲ್ಲಿ ಅವೆ?"

ಅಂಜಿನಮೂರ್ತಿ ಅಕ್ಕನ ಮುಖ ನೋಡಿದ, ಆಕಾಶ ನೋಡಿದ, ಕೊನೆಗೆ ಆ ಕಿವಿ ಕೊಯ್ಯದ ಕುರಿಯನ್ನು ನೋಡಿ ಕುಸಿದು ಕೂತ.

"ತಾವರೆಕೆರೆಲಿ. ನನ್ ದೋಸ್ತ್ ಚಿರಂಜೀವಿ ತೋಟದಲ್ಲಿ ಕಟ್ಟಾಕಿದೀನಿ."

"ಕಡಿದಿಲ್ವಾ?"

"ನಾನೇ ಬಾಟ್ಲಿ ಹಾಲು ಕುಡಿಸಿ ಸಾಕಿದ ಕುರಿ ಅಕ್ಕ ಅವು. ಹೆಂಗೆ ಕಡೀಲಿ? ವಾರಕ್ಕೊಂದ್ಸಲ ಬಸ್ ಹತ್ಕೊಂಡೋಗಿ ನೋಡ್ಕೊಂಡು ಬರ್ತೀನಿ. ರಕ್ತ ಬೈಲಪ್ಪನ ಅಂಗಡಿದು. ನಾಯಿಗೆ ಅಂತ ಕೇಳಿ ಇಸ್ಕೊಂಡಿದ್ದೆ."

"ಯಾಕೋ ಇದೆಲ್ಲ?"

"ಯಾಕೆ ಅಂತ ನೀನು ಕೇಳ್ತೀಯಲ್ಲ!" ಅವನ ಕಣ್ಣು ಕೆಂಪಾಯಿತು. "ಎಷ್ಟು ಕಡೆ ಹೆಣ್ಣು ನೋಡಿ ಬಂದ್ವಿ? ಕುರಿ ಕಾಯೋನು ಅಂದ ತಕ್ಷಣ ಕಾಫಿ ಲೋಟ ಎತ್ಕೊಂಡು ಒಳಗೋಗ್ತಾರೆ. ಮಧುಗಿರಿ ಕಡೆ ಹುಡುಗಿ ಒಬ್ಳು ಒಪ್ಪವ್ಳೆ, ತೇಜಸ್ವಿನಿ ಅಂತ. ಮಂದೆ ಮಾರಿ ಸೋಲಾರಲ್ಲಿ ಗಾರ್ಡ್ ಕೆಲ್ಸಕ್ಕೆ ಸೇರಿದ್ರೆ ಮಾತ್ರ ಕೊಡ್ತೀವಿ ಅಂತ ಅವ್ರಪ್ಪ. ನಮ್ಮಪ್ಪ ಮಂದೆ ಮಾರ್ತಾನಾ? ತೋಳದ ಕಾಟ ಅಂದ್ರಾದ್ರೂ ಬೇಜಾರಾಗಿ ಬುಡ್ತಾನೇನೋ ಅಂತ. ಹುಣ್ಣಿಮೆ ದಿನ ನೀನೂ ಅಪ್ಪನೂ ಕಂಟೇನರ್ ಹತ್ರ ಮಲಗ್ತೀರ. ಮಂದೆ ಹತ್ರ ನಾನೊಬ್ನೇ. ಬೆಳಕೂ ಚೆನ್ನಾಗಿರ್ತದೆ."

ಸ್ನೇಹಲತಾಳಿಗೆ ಅವನ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ನಾನಲ್ಲ. ನಾನು ತಿಂದಿಲ್ಲ. ಮೂರು ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿಯಿತು. ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಊಟದ ಮುಂದೆ ಕೂತು ತನ್ನ ಬಾಯಿಗೆ ತಾನೇ ಹೇಸಿಗೆಪಟ್ಟು ಎದ್ದುಹೋದ ದಿನಗಳೆಲ್ಲ ನೆನಪಾದವು. ಚಿಕ್ಕಪ್ಪನನ್ನು ತಬ್ಬಿಕೊಳ್ಳಬೇಕೆನಿಸಿತು, ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು.

"ಉರುಳು ಹಾಕಿದ್ದು ಯಾರು?" ರಾಧಾಮಣಿ ಕೇಳಿದಳು.

"ನಾನೇ. ಮಂದೆಯವನು ನೀನೇ ಹಾಕು ಅಂದ್ರು. ಆಗಲ್ಲ ಅಂದ್ರೆ ಅನುಮಾನ ಬರ್ತದಲ್ಲ? ಬೇಲಿ ಉದ್ದಕ್ಕೂ ಹಾಕಿ, ಗುಡ್ಡದ ಸಂದೀಲೂ ಒಂದು ಹಾಕಿದೀನಿ. ತಗಲಾಕ್ಕೊಂಡ್ರೆ ಊರಿಗೆ ಕೇಳ್ಲಿ ಅಂತ ತಂತಿಗೆ ಎಣ್ಣೆ ಡಬ್ಬ ಕಟ್ಟಿದೀನಿ. ಡಬ್ಬ ಸದ್ದಾದ್ರೆ ಎಲ್ರೂ ದೊಣ್ಣೆ ತಗೊಂಡ್ ಬರ್ತಾರೆ. ಬರ್ಲಿ ಬುಡು ಅಕ್ಕ, ತೋಳಾನೇ ಇಲ್ವಲ್ಲ."

"ಐತೆ."

ಹೇಳಿದ್ದು ಸ್ನೇಹಲತಾ. ಅವಳು ಎರಡೂ ಕೈ ಮುಂದೆ ಚಾಚಿದಳು. ಉಗುರುಗಳು ಆಗಲೇ ಕಪ್ಪಾಗಿ ತುದಿ ಬಾಗಿದ್ದವು. ಮುಂಗೈಯ ಮೇಲೆ ಬೂದು ಬಣ್ಣದ ರೋಮ ದಟ್ಟವಾಗುತ್ತಿತ್ತು.

ಅಂಜಿನಮೂರ್ತಿ ಕೈ ನೋಡಿದ. ಮುಖ ನೋಡಿದ. ಮತ್ತೆ ಕೈ ನೋಡಿದ.

"ಓದ್ತೀಯ ಅಂದಿದ್ರಲ್ಲಮ್ಮ..."

"ಓದ್ತೀನಿ ಚಿಕ್ಕಪ್ಪ. ಪಾಸಾಗಲ್ಲ ಅಷ್ಟೆ."

 ಅವನಿಗೆ ಅರ್ಥವಾದದ್ದು ತೋಳದ ವಿಷಯವಲ್ಲ, ತಂತಿಯ ವಿಷಯ. "ಆ ಉರುಳಿಗೆ ನೀನು ಬಿದ್ದಿದ್ರೆ?" ಎನ್ನುತ್ತ ಅಂಗೈಯಲ್ಲಿ ಕಣ್ಣೊರೆಸಿಕೊಂಡ. "ನನ್ನ ಕೈಯಾರೆ ಹಾಕಿದ್ದಲ್ಲಮ್ಮ ಅದು."

"ಅಳೋದು ಆಮೇಲೆ," ರಾಧಾಮಣಿ ರಟ್ಟೆ ಹಿಡಿದು ಎಬ್ಬಿಸಿದಳು. "ಮೊದ್ಲು ಒಂದೊಂದಾಗಿ ಬಿಚ್ಚಾಕ್ಕೊಂಡು ಬಾ. ಇವಳನ್ನ ಒಳಗೆ ಹಾಕಿ ನಾನೂ ಬರ್ತೀನಿ. ಸ್ನೇಹಾ, ಹತ್ತು."

ಸ್ನೇಹಲತಾ ಹತ್ತುವ ಮೊದಲು ಆ ಕುರಿಯ ಬೆನ್ನು ಇನ್ನೊಮ್ಮೆ ಸವರಿ ಹೋಗೋಣವೆಂದು ತಿರುಗಿದಳು. ಅವಳನ್ನು ಉಳಿಸಿದ್ದು ಅದೇ ತಾನೇ.

ಕುರಿ ಅಲ್ಲಿರಲಿಲ್ಲ.

ಮೂವರೂ ಮಾತಾಡುತ್ತ ನಿಂತಿದ್ದ ಜಾಗದಿಂದ ತೊಟ್ಟಿ ಎಷ್ಟು ದೂರ? ಕೂಗಿದರೆ ಕೇಳುವಷ್ಟು. ಆದರೂ ಕುರಿ ಒಂದು ಸಲವೂ ಅರಚಿರಲಿಲ್ಲ. ತೊಟ್ಟಿಯ ಪಕ್ಕದ ಒದ್ದೆ ಮಣ್ಣಿನಲ್ಲಿ ಎಳೆದುಕೊಂಡು ಹೋದ ಗುರುತಿತ್ತು. ಆ ಗುರುತಿನ ಪಕ್ಕ ಹೆಜ್ಜೆಗಳು.

"ಲೇ, ಇನ್ನೊಂದಾಟ ಆಡ್ತಿದೀಯೇನೋ?" ರಾಧಾಮಣಿ ತಮ್ಮನ ಮೇಲೆ ಸಿಡಿದಳು.

"ನಿನ್ನ ಮುಂದೇನೇ ಇದ್ನಲ್ಲಕ್ಕ!"

ಸ್ನೇಹಲತಾ ಹೆಜ್ಜೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ತೋಳದ ಹೆಜ್ಜೆಗೆ ನಾಲ್ಕು ಬೆರಳು. ಕಂಟೇನರಿನ ಧೂಳಿನಲ್ಲಿ ತಿಂಗಳು ತಿಂಗಳೂ ತನ್ನದೇ ಹೆಜ್ಜೆ ಗುಡಿಸುವವಳಿಗೆ ಇದು ಚೆನ್ನಾಗಿ ಗೊತ್ತು. ಇಲ್ಲಿ ಬಲ ಮುಂಗಾಲಿನ ಹೆಜ್ಜೆಗೆ ನಾಲ್ಕು ಬೆರಳಿದ್ದವು. ಎಡ ಮುಂಗಾಲಿನದಕ್ಕೆ ಮೂರೇ. ಹೊರಬದಿಯ ಬೆರಳಿನ ಜಾಗದಲ್ಲಿ ಏನೂ ಇರಲಿಲ್ಲ.

ಹಿಂದೆ ಯಾರೋ ಬಂದು ನಿಂತರು. ಹೆಗಲ ಮೇಲೆ ಕರೀ ಕಂಬಳಿ ಹಾಕಿಕೊಂಡು ಕಂಟೇನರಿನ ಕಡೆ ಹೊರಟಿದ್ದ ತಾತ ಮುದ್ದಪ್ಪ. ಹೆಜ್ಜೆಯನ್ನು ನೋಡಿದ ಮುದುಕ ಕೋಲನ್ನು ನೆಲಕ್ಕೆ ಹಾಕಿ ಕೂತುಬಿಟ್ಟ.

"ಬಂದ್ಲಾ?" ಎಂದ. ಯಾರನ್ನು ಕೇಳಿದನೋ. "ಬಂದ್ಬುಟ್ಲಾ? ಮೂರು ವರ್ಷ ಆಯ್ತು ಬಂದು. ಸತ್ತೋದ್ಲು ಅನ್ಕೊಂಡಿದ್ನಲ್ಲ ನಾನು."

"ಯಾರು ತಾತ?"

ಮುದ್ದಪ್ಪ ಎಡ ಹೆಜ್ಜೆಯ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ತಲೆ ಬಾಚುತ್ತಿದ್ದ ನಾಲ್ಕೇ ಬೆರಳಿನ ಎಡಗೈ ಅವಳಿಗೆ ನೆನಪಾಯಿತು.

"ಅಮ್ಮ ಓಡಿಹೋದ್ಲು ಅಂದ್ರಲ್ಲ," ಎಂದಳು ಸ್ನೇಹಲತಾ. ಅವಳ ದನಿ ಅವಳಿಗೇ ಬೇರೆಯವರದಾಗಿ ಕೇಳಿಸಿತು.

"ಓಡಿಹೋಗ್ಲಿಲ್ಲ ಪಾಪಾ. ನಿನ್ನಂಗೇನೇ ಅವ್ಳೂ. ಒಂದು ಹುಣ್ಣಿಮೆ ರಾತ್ರಿ ಗುಡ್ಡಕ್ಕೆ ಹೋದೋಳು ಬೆಳಿಗ್ಗೆ ಮನುಷ್ಯಳಾಗ್ಲೇ ಇಲ್ಲ. ಬಾಗ್ಲಿಗೆ ಬಂದು ನಿಂತ್ಲು, ನಾಲ್ಕು ಕಾಲಲ್ಲೇ. ನಾನೇ ಕಲ್ಲೆಸೆದು ಓಡಿಸ್ದೆ. ಗೊತ್ತಾಗ್ಲಿಲ್ಲ ನಂಗೆ." ಮುದುಕ ಕಂಬಳಿಯಲ್ಲಿ ಮುಖ ಒರೆಸಿಕೊಂಡ. "ಮುಂಗಾಲಲ್ಲಿ ಕಿರುಬೆರಳು ಇಲ್ದಿದ್ದು ನೋಡಿದ ಮೇಲೆ ಗೊತ್ತಾಯ್ತು. ಆಮೇಲಿಂದ ಆ ಕುರಿ ಹೊರಗೆ ಬುಡೋದು ಅವ್ಳಿಗೇನೇ."

ರಾಧಾಮಣಿ ಹೆಜ್ಜೆಯಿಂದ ಮುಖ ತಿರುಗಿಸಿದಳು. ಮನೆ ಬಿಟ್ಟು ಓಡಿದವಳೆಂದು ಅತ್ತಿಗೆಯನ್ನು ಇಷ್ಟು ವರ್ಷ ಬೈದುಕೊಂಡೇ ಬಂದವಳು ಅವಳು.

ಸ್ನೇಹಲತಾಳ ಕಣ್ಣ ಮುಂದೆ ಇದ್ದದ್ದು ಮುರಿದ ಹಲಗೆ. ಮೇಲೆ ನುಣ್ಣಗೆ, ಅಡಿಯಲ್ಲೆಲ್ಲ ಹಲ್ಲಿನ ಗುರುತು. ಅದು ಯಾರೋ ಹೊರಗೆ ಹೋಗಲು ಕಡಿದದ್ದಲ್ಲ. ಯಾರೋ ಒಳಗೆ ಬರಲು, ಕಂಟೇನರಿನ ಕೆಳಗೆ ನುಸುಳಿ ಮಲಗಿ, ಕತ್ತು ಮೇಲೆತ್ತಿ ಕಡಿದದ್ದು. ಮೂರು ವರ್ಷದಿಂದ ಬಂದಿಲ್ಲವೆಂದು ತಾತ ಅಂದುಕೊಂಡಿದ್ದಾನೆ. ಅವಳು ಬಂದಿದ್ದಾಳೆ. ಕುರಿಗಲ್ಲ, ಮಗಳ ಬಳಿಗೆ.

ಆ ಯೋಚನೆಯ ಬೆನ್ನಿಗೇ ಇನ್ನೊಂದು ಬಂತು. ಚಂದ್ರ ಇನ್ನೂ ಹುಟ್ಟಿಲ್ಲ. ಆದರೂ ಅಮ್ಮ ತೋಳ. ಹಾಗಾದರೆ ತನಗೂ ಎಂದಾದರೂ ಒಂದು ಬೆಳಿಗ್ಗೆ...

"ಅಕ್ಕ," ಅಂಜಿನಮೂರ್ತಿ ಕರೆದ.  ಎಳೆದ ಗುರುತು ಹೊಲ ದಾಟಿ ಹೋದ ಕಡೆಗೆ ಬೆರಳು ಮಾಡಿ ತೋರಿಸುತ್ತಿದ್ದ. "ಅದು ಗುಡ್ಡದ ಸಂದಿಗೆ ಹೋಗೈತೆ. ನಾನು ಉರುಳು ಹಾಕಿರೋ ಕಡೆಗೇನೇ."

ಪ್ಯಾನೆಲ್ಲುಗಳ ಸಾಲಿನ ಆಚೆ ಚಂದ್ರ ಹುಟ್ಟುವ ಬಾನಂಚು ಕೆಂಪಗೆ ಹೊತ್ತಿಕೊಂಡಿತ್ತು. ರಾಧಾಮಣಿ ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಸ್ಕೂಟರಿನ ಕೀ ಹಿಡಿದು ನಿಂತಳು. ಕಂಟೇನರು ಈ ಕಡೆ. ಸಂದು ಆ ಕಡೆ.

ಸ್ನೇಹಲತಾ ಚಪ್ಪಲಿ ಬಿಟ್ಟಳು.

"ಬೀಗ ಜೇಬಿಗೆ ಹಾಕ್ಕೊ ಅತ್ತೆ."

"ಸ್ನೇಹಾ, ಬೇಡ ಕಣೇ. ಹೊರಗಿದ್ದು ನೀನೂ ವಾಪಸ್ ಆಗ್ದೆ ಹೋದ್ರೆ..."

ಮಾತು ಮುಗಿಯಲಿಲ್ಲ. ಗುಡ್ಡದ ಸಂದಿನಲ್ಲಿ ಎಣ್ಣೆ ಡಬ್ಬ ಢಣಢಣನೆ ಬಡಿದುಕೊಂಡಿತು. ನಿಂತಿತು. ಮತ್ತೆ ಜೋರಾಗಿ ಬಡಿದುಕೊಳ್ಳತೊಡಗಿತು. ಊರಿನ ಕಡೆಯಿಂದ ಯಾರೋ "ಬಿತ್ತು ಕಣ್ರೋ, ಬಿತ್ತು!" ಎಂದು ಕೂಗಿದರು. ಹತ್ತಾರು ದನಿಗಳು ಅದಕ್ಕೆ ಸೇರಿಕೊಂಡವು.

ಸ್ನೇಹಲತಾ ಆಗಲೇ ಓಡುತ್ತಿದ್ದಳು. ಕಡ್ಲೆಕಾಯಿ ಹೊಲದ ನಡುವೆ ಮೊದಲ ಬೆಳದಿಂಗಳು ಅವಳ ಬೆನ್ನ ಮೇಲೆ ಬಿತ್ತು. ಕೈಗಳು ತಾವಾಗಿಯೇ ನೆಲ ಹುಡುಕಿದವು. ಅಮ್ಮಾ ಎಂದು ಕೂಗಲು ಬಾಯಿ ತೆರೆದಳು. ಬಂದದ್ದು ಆ ಮಾತಾಗಿರಲಿಲ್ಲ.

ಡಬ್ಬದ ಸದ್ದು ನಿಂತಿತು. ಗುಡ್ಡದ ಸಂದಿನಿಂದ ಉತ್ತರ ಬಂತು.